ಸೋಮವ್ವನ ಎದೆಯ ಬಲಗೋಣೆ

ಹೃದಯದ ಬಗ್ಗೆ ಕಥೆ ಶುರುಮಾಡುವುದು ಹೇಗೆ? ಕನ್ನಡದಲ್ಲಿ ಇದೊಂದು ದೊಡ್ಡ ಪೇಚಾಟ. ಆ ಜಾಗವನ್ನು ಕವಿಗಳು ಯಾವತ್ತೋ ಹಿಡಿದು ಕೂತುಬಿಟ್ಟಿದ್ದಾರೆ. ಒಬ್ಬ ಅಲ್ಲಿ ದೀಪ ಹಚ್ಚಿಟ್ಟಿದ್ದಾನೆ, ಇನ್ನೊಬ್ಬ ವೀಣೆ ಮೀಟುತ್ತಿದ್ದಾನೆ, ಮತ್ತೊಬ್ಬ ನಲ್ಲೆಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡಿದ್ದಾನೆ. ನನಗೆ ಬೇಕಾದದ್ದು ಬಲಗಡೆ ಕೆಳಗಿನ ಒಂದೇ ಒಂದು ಕೋಣೆ. ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತವನ್ನು ತುಂಬಿಕೊಂಡು ಶ್ವಾಸಕೋಶಕ್ಕೆ ತಳ್ಳುವುದು ಅದರ ಕೆಲಸ. ಅದನ್ನು ಮಾತ್ರ ಯಾವ ಕವಿಯೂ ಬಾಡಿಗೆಗೆ ಹಿಡಿದಂತೆ ಕಾಣೆ.

(ವೈದ್ಯರ ಕನ್ನಡದಲ್ಲಿ ಅದಕ್ಕೆ ಬಲ ಹೃತ್ಕುಕ್ಷಿ ಎನ್ನುತ್ತಾರೆ. ಈ ಪದ ಇನ್ನೊಂದು ಸಲ ಬಂದರೆ ನೀವು ಪುಸ್ತಕ ಮುಚ್ಚುತ್ತೀರಿ ಎಂದು ಗೊತ್ತು. ನಿಮ್ಮ ಜಾಗದಲ್ಲಿದ್ದರೆ ನಾನೂ ಮುಚ್ಚುತ್ತಿದ್ದೆ. ಇನ್ನು ಮೇಲೆ ಬಲಗೋಣೆ ಎಂದೇ ಹೇಳುತ್ತೇನೆ.)

೧

ಈಗ ೧೯೭೮. ನಾನು ಮುಲುಂಡಿನ ಒಂದು ಬಿಲ್ಡಿಂಗಿನಲ್ಲಿ ಒಬ್ಬನೇ ಇದ್ದೇನೆ. ಔಷಧದ ಕಂಪನಿಯೊಂದಕ್ಕೆ ಕರಪತ್ರಗಳನ್ನು ಕನ್ನಡ ಮಾಡಿಕೊಡುವುದು ಹೊಟ್ಟೆಪಾಡು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್, ಸಂಜೆ ಚಹಾದಂಗಡಿಯಲ್ಲಿ ಹಿಂದಿ. ಕನ್ನಡ ಬರೆಯುತ್ತೇನೆ, ಆಡಲು ಜನ ಇಲ್ಲ. ಕೆಲವು ಭಾನುವಾರ ಯಾರೊಡನೆಯೂ ಬಾಯಿ ಬಿಚ್ಚದೆ ಹೊತ್ತು ಮುಳುಗುತ್ತದೆ. ಅದಕ್ಕೇ ಸೋಮವ್ವನನ್ನು ಕಲ್ಪಿಸಿಕೊಂಡೆ. ಮುಚ್ಚುಮರೆ ಯಾಕೆ, ಕಥೆಗಿಂತ ಹೆಚ್ಚಾಗಿ ಮಾತಿಗೆ ಒಬ್ಬರು ಬೇಕಾಗಿತ್ತು.

ಸೋಮವ್ವ ಜಮಖಂಡಿ ಕಡೆಯವಳು. ಲಿಂಗಾಯತರ ಹೆಣ್ಣು, ನಲವತ್ತರ ಹತ್ತಿರ ವಯಸ್ಸು. ಭಾಂಡುಪಿನ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಒಂದು ಖೋಲಿ. ಅದೇ ಮನೆ, ಅದೇ ಖಾನಾವಳಿ. ನಮ್ಮ ಕಡೆಯ ಕೂಲಿ ಜನ ಅವಳ ಕೈಯ ಜೋಳದ ಭಾಕರಿ ಉಂಡು ಪಾಳಿಗೆ ಹೋಗುತ್ತಾರೆ. ಗಂಡ ಇವಳನ್ನು ಬಿಟ್ಟು ಸುರತ್ತಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ. ಮಕ್ಕಳಿಲ್ಲ. ಈಚೆಗೆ ಭಾಕರಿ ಬಡಿಯಲು ಕೂತರೆ ತವೆ ಕಾಯುವ ಮೊದಲೇ ಉಸಿರು ಮೇಲೆ ಬರುತ್ತದೆ. ಗೋಡೆಗೆ ಒರಗಿ ಕೂತು ಸುಧಾರಿಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕುತ್ತಾಳೆ.

ಚಿಕ್ಕಂದಿನಲ್ಲಿ ಕೀಲುಕೀಲೂ ಬಾತು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಹೃದಯದ ಎಡಗಡೆಯ ಒಂದು ಕವಾಟವನ್ನು ಇಕ್ಕಟ್ಟು ಮಾಡಿ ಹೋಯಿತು. ಮುಂದೆ ದಾರಿಯಿಲ್ಲದೆ ರಕ್ತ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹಿಂದಿನಿಂದ ತಳ್ಳುವ ಬಲಗೋಣೆಗೆ ವರ್ಷಗಟ್ಟಲೆ ದುಪ್ಪಟ್ಟು ದುಡಿತ. ಆಪರೇಷನ್ ಮಾಡಿ ಕವಾಟ ಬಿಡಿಸಬಹುದು. ಆದರೆ ಬಲಗೋಣೆ ಆಗಲೇ ಸೋತಿದ್ದರೆ ಅವಳು ಆಪರೇಷನ್ ಟೇಬಲ್ಲಿನಿಂದ ಏಳುವುದಿಲ್ಲ. ಆದ್ದರಿಂದ ಮೊದಲು ಆ ಕೋಣೆಯ ಚಿತ್ರ ತೆಗೆಯಬೇಕು. ಚೆನ್ನಾಗಿದ್ದರೆ ಕತ್ತರಿ, ಇಲ್ಲದಿದ್ದರೆ ಮಾತ್ರೆ ಕೊಟ್ಟು ಮನೆಗೆ. ಈ ಕಥೆಯ ಗಂಟು ಇಷ್ಟೇ.

ಇಲ್ಲಿಗೆ ಬಂದಾಗಲೇ ಸೋಮವ್ವ ಮೊದಲನೇ ತಕರಾರು ತೆಗೆದಳು.

"ಮಂದಿಗೆ ಕೆಮ್ಮು ನೆಗಡಿ ಕೊಡ್ತೀರಿ. ನನಗ್ಯಾಕ ಇದನ್ನ ಕೊಟ್ರಿ ಸಾಹೇಬ್ರ?"

ನಿಜ ಹೇಳಿದೆ. ಆಫೀಸಿನಲ್ಲಿ ಒಂದು ಹೊಸ ಕ್ಯಾಮರಾದ ಬಗ್ಗೆ ಓದಿದೆ, ಅದು ಕಥೆಯೊಳಗೆ ಬರಬೇಕೆಂದು ಆಸೆಯಾಯಿತು, ಕ್ಯಾಮರಾ ಬರಬೇಕಾದರೆ ರೋಗ ಬೇಕಲ್ಲ ಎಂದೆ. ಅವಳು ತಿರುಗಿ ಹಿಟ್ಟು ನಾದತೊಡಗಿದಳು. ಬೈದಿದ್ದರೆ ಮೇಲಿತ್ತು.

೨

ಮೊದಲ ಕರಡಿನಲ್ಲಿ ಸೋಮವ್ವನಿಗೆ ಒಬ್ಬ ತಮ್ಮನಿದ್ದ. ಖಂಡಪ್ಪ ಎಂದು ಹೆಸರಿಟ್ಟಿದ್ದೆ. ಅಕ್ಕನನ್ನು ಕೈಹಿಡಿದು ಲೋಕಲ್ ಹತ್ತಿಸಿ ಆಸ್ಪತ್ರೆಗೆ ತಂದ. ತಂದಮೇಲೆ ಏನು ಮಾಡಿಸಬೇಕೋ ತಿಳಿಯಲಿಲ್ಲ. ಬೀಡಿ ಸೇದಿಸಿದೆ. ಕಿಟಕಿಯಿಂದ ಹೊರಗೆ ನೋಡಿಸಿದೆ. ಕಥೆಯಲ್ಲಿ ಕೆಲಸವಿಲ್ಲದ ಮನುಷ್ಯ ಕೂಳಿಗೆ ದಂಡ, ಭೂಮಿಗೆ ಭಾರ. ಹಾಗಾಗಿ ಅವನ ಮೇಲೆ ಗೀಟು ಎಳೆದೆ.

"ಅಂವ ಇರಲಿ ಬಿಡ್ರಿ," ಎಂದಳು ಸೋಮವ್ವ. "ಸುಮ್ನ ಕುಂತಿದ್ರೂ ಆಗ್ತಿತ್ತು."

ಕಥೆಯಲ್ಲಿ ಸುಮ್ಮನೆ ಕೂರುವವರನ್ನು ಇಟ್ಟುಕೊಳ್ಳುವುದಿಲ್ಲ, ಅದು ಕಸುಬಿನ ಕಟ್ಟಳೆ ಎಂದು ವಿವರಿಸಿದೆ. ಮೇಷ್ಟರ ಗತ್ತಿನಲ್ಲೇ ವಿವರಿಸಿದೆ ಎಂದು ಕಾಣುತ್ತದೆ.

"ಮನ್ಯಾಗ ಇಟ್ಕೋತಾರ್ರಿ ಅಂಥಾವ್ರನ್ನ," ಎಂದಳು.

೨ (ಮತ್ತೊಮ್ಮೆ)

ತಮ್ಮನಿಲ್ಲದ ಸೋಮವ್ವ ಒಬ್ಬಳೇ ಭಾಂಡುಪಿನಿಂದ ಲೋಕಲ್ ಹಿಡಿದು ಆಸ್ಪತ್ರೆಗೆ ಬಂದಳು. (ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ದೊಡ್ಡದು ಎಂದಿಟ್ಟುಕೊಳ್ಳಿ.) ಕ್ಯಾಮರಾ ನೆಲಮಾಳಿಗೆಯಲ್ಲಿತ್ತು. ಫೋಟೋ ಸ್ಟುಡಿಯೋದ ಹಾಗೆ ಪರದೆ, ಬೆಟ್ಟದ ಚಿತ್ರ, ಕುರ್ಚಿ ಇರುತ್ತದೆಂದು ಅವಳು ಅಂದುಕೊಂಡಿದ್ದಳು. ಇದ್ದದ್ದು ಒಂದು ಮಂಚ, ಅದರ ಮೇಲೆ ಬಾಗಿ ನಿಂತ ದಪ್ಪ ಕಬ್ಬಿಣದ ತಲೆ. ಇದು ಬೆಳಕಿನಿಂದ ಚಿತ್ರ ತೆಗೆಯುವುದಿಲ್ಲ. ವಿಕಿರಣದ ಔಷಧವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಔಷಧ ರಕ್ತದ ಜೊತೆ ಹೃದಯದೊಳಗೆ ಹೋಗುತ್ತದೆ, ಅಲ್ಲಿಂದ ಹೊರಬೀಳುವ ಕಿರಣಗಳನ್ನು ಈ ತಲೆ ಹಿಡಿಯುತ್ತದೆ. ಗಾಮಾ ಕ್ಯಾಮರಾ ಎಂದು ಹೆಸರು. ರಕ್ತ ಬಲಗೋಣೆಗೆ ಬಂದದ್ದು, ತುಂಬಿದ್ದು, ಶ್ವಾಸಕೋಶಕ್ಕೆ ಹೋದದ್ದು ಎಲ್ಲವೂ ಪರದೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ.

ಅಲ್ಲಿ ಆಯಾ ಆಗಿದ್ದವಳು ರೋಷನಬಿ. ವಿಜಾಪುರದವಳು, ಮನೆಯಲ್ಲಿ ದಖ್ಖನಿ, ಹೊರಗೆ ಕನ್ನಡ, ಇಲ್ಲಿ ಎಲ್ಲವೂ. ದಾಗೀನ ಎಲ್ಲ ತೆಗೆದು ಕೊಡು ಎಂದಳು. ಲೋಹ ಅಡ್ಡ ಬಂದರೆ ಕಿರಣ ದಾಟುವುದಿಲ್ಲ. ಸೋಮವ್ವ ಬಳೆ ತೆಗೆದಳು, ಮೂಗುತಿ ತೆಗೆದಳು, ಬೆಂಡೋಲೆ ತೆಗೆದಳು. ತಾಳಿ ತೆಗೆಯುವಾಗ ಸ್ವಲ್ಪ ಗೋಡೆಯ ಕಡೆ ತಿರುಗಿದಳು, ಅಷ್ಟೇ. ಎಲ್ಲವನ್ನೂ ರೋಷನಬಿ ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟಳು.

ಕ್ಯಾಮರಾ ನಡೆಸುವವನು ಗಂಡಸು, ಮರ್ಯಾದಸ್ಥ. ಹೆಂಗಸಿನ ಎದೆಯ ಕಡೆ ನೋಡಬಾರದೆಂದು ಗೋಡೆ ನೋಡುತ್ತಲೇ ಕಬ್ಬಿಣದ ತಲೆಯನ್ನು ಕೆಳಗಿಳಿಸಿದ. ರೋಷನಬಿ ಮೇಲಿಂದ ಚಾದರ ಸರಿಮಾಡಿದಳು. ಮೈಯೊಳಗಿನದೆಲ್ಲ ಕಾಣುವ ಯಂತ್ರವಿದ್ದ ಆ ಕೋಣೆಯಲ್ಲಿ ಮೈಯನ್ನು ಮಾತ್ರ ಯಾರೂ ನೋಡಲಿಲ್ಲ.

೩

ಡಾಕ್ಟರ್ ವಿನೋದಿನಿ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಗುಜರಾತಿ ಹೆಣ್ಣುಮಗಳು, ಚಿಕ್ಕ ವಯಸ್ಸು, ಕೆಲಸದಲ್ಲಿ ಬಿಗಿ. ಬಲಗೋಣೆಯ ಒಂದು ಕಡೆ ದುಂಡಗೆ ಕಪ್ಪಾಗಿತ್ತು. ಅಲ್ಲಿಗೆ ರಕ್ತ ಬಂದ ಗುರುತಿಲ್ಲ. ತುಂಬದ ಕೋಣೆ ತಳ್ಳುವುದೇನನ್ನು? ಸರ್ಜನ್ನು ಇಂಥವರನ್ನು ಮುಟ್ಟುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ರೋಷನಬಿ ಕನ್ನಡದಲ್ಲಿ ಹೇಳಿದಳು. ಸೋಮವ್ವ ಎರಡು ಸಲ ಕೇಳಿಸಿಕೊಂಡಳು.

ಆಮೇಲೆ ರೋಷನಬಿ ಒಂದು ಎಚ್ಚರಿಕೆ ಕೊಟ್ಟಳು. ಮೈಯಲ್ಲಿ ಔಷಧ ಇರುವುದರಿಂದ ನಾಳೆಯ ತನಕ ಸಣ್ಣ ಮಕ್ಕಳನ್ನು, ಬಸುರಿಯರನ್ನು ಹತ್ತಿರ ಕೂರಿಸಿಕೊಳ್ಳಬಾರದು.

"ಉಣ್ಣಾಕ ಬರ್ತಾರವ್ವಾ ಮಂದಿ," ಎಂದಳು ಸೋಮವ್ವ. "ನನ್ನ ಹಂತೇಲಿ ಯಾರ್ ಕೂಡ್ತಾರ?"

(ಈ ಮಾತು ನಾನು ಬರೆದದ್ದಲ್ಲ. ಅವಳೇ ಆಡಿದ್ದು. ಬರೆದ ಮೇಲೆ ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ, ಅದು ಕುದಿದು ಕುದಿದು ಬತ್ತಿತು.)

೫

ನಾಲ್ಕು ಎಲ್ಲಿ ಎಂದು ಕೇಳಬೇಡಿ. ನಾಲ್ಕರಲ್ಲಿ ಸೋಮವ್ವ ಭಾಂಡುಪಿಗೆ ವಾಪಸಾಗಿ, ಒಲೆಯ ಮುಂದೆ ಕೂತು, ಸುರತ್ತಿನ ಗಂಡನನ್ನು ನೆನೆದು ಬಹಳ ಅತ್ತಳು. ಓದಿದ್ದರೆ ನೀವೂ ಅಳುತ್ತಿದ್ದಿರಿ. ಆ ಮನುಷ್ಯನಿಗಾಗಿ ನಾನ್ಯಾಕೆ ಅಳಲಿ ಎಂದು ಸೋಮವ್ವ ರೇಗಿದಳು. ಹರಿದುಹಾಕಿದೆ. ಮೂರರ ಕೊನೆಯಲ್ಲಿ ಅವಳು ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ, ಅಲ್ಲಿಂದಲೇ ಮುಂದುವರಿಯೋಣ.

ರೋಷನಬಿ ಕರವಸ್ತ್ರದ ಗಂಟನ್ನು ವಾಪಸು ಕೊಟ್ಟು, ಎಲ್ಲ ಸರಿಯಿದೆಯಾ ನೋಡಿಕೋ ಎಂದಳು. ಸೋಮವ್ವ ಬಳೆ ನೋಡಿದಳು, ಓಲೆ ನೋಡಿದಳು, ತಾಳಿ ನೋಡಿದಳು. ಕೊನೆಗೆ ರೂಢಿಯಂತೆ ಎದೆಯ ನಡುವೆ ಕೈಯಿಟ್ಟು ನೋಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ವಿನೋದಿನಿ ಆ ಕೈಯನ್ನು ನೋಡಿದರು. ಚಿತ್ರದಲ್ಲಿ ಕಪ್ಪಿದ್ದದ್ದೂ ಅಲ್ಲೇ.

ಅಲ್ಲೇನಿದೆ ಎಂದು ಕೇಳಿದರು. ಸೋಮವ್ವ ಸೆರಗಿನ ಮರೆಯಲ್ಲೇ ತೋರಿಸಿದಳು. ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು. ಬಲಗೋಣೆ ಎದೆಮೂಳೆಯ ಹಿಂದೆಯೇ ಇರುತ್ತದೆ, ಅದರ ಮುಂದೆ ಈ ಕರಡಿಗೆ ಕಾವಲು ನಿಂತಿತ್ತು.

ಡಾಕ್ಟರಿಗೆ ಸಿಟ್ಟು ಬಂತು. ಎಲ್ಲ ತೆಗೆಯಲು ಹೇಳಿರಲಿಲ್ಲವೇ ಎಂದು ರೋಷನಬಿಯ ಕಡೆ ತಿರುಗಿದರು. ರೋಷನಬಿ ಹೇಳಿದ್ದೆನಲ್ಲ ಎಂದಳು. ಸೋಮವ್ವನಿಗೆ ಈ ಸಿಟ್ಟು ಯಾಕೆಂದೇ ಅರ್ಥವಾಗಲಿಲ್ಲ.

"ದಾಗೀನ ಎಲ್ಲಾ ಕೊಟ್ಟೀನಲ್ಲವ್ವಾ," ಎಂದಳು. "ಇದು ದಾಗೀನ ಅಲ್ಲ."

ಗುರುವಾರ ಮತ್ತೆ ಬಾ, ಅದನ್ನು ತೆಗೆದಿಟ್ಟು ಬಾ ಎಂದರು ಡಾಕ್ಟರು. ಸೋಮವ್ವ ಗುರುವಾರ ಬರುತ್ತೇನೆ ಎಂದಳು. ಲಿಂಗ ಮೈ ಬಿಟ್ಟು ಇರುವುದಿಲ್ಲ ಎಂದೂ ಹೇಳಿದಳು.

೬, ಅಂದರೆ ನನ್ನ ಮೆಚ್ಚಿನ ಅಂತ್ಯ

ಗುರುವಾರ. ನನ್ನ ಹತ್ತಿರ ಬಹಳ ಚೆನ್ನಾದ ಒಂದು ಅಂತ್ಯ ಸಿದ್ಧವಿತ್ತು. ಸೋಮವ್ವ ಮಂಚದ ಮೇಲೆ ಮಲಗುತ್ತಾಳೆ. ಕಣ್ಣೀರು ತುಂಬಿ ಕೊರಳಿಂದ ಶಿವದಾರ ತೆಗೆದು ರೋಷನಬಿಯ ಕೈಗೆ ಕೊಡುತ್ತಾಳೆ. ರೋಷನಬಿ ಬೊಗಸೆಯೊಡ್ಡಿ, ಪರೀಕ್ಷೆ ಮುಗಿಯುವ ತನಕ ಅಲ್ಲಾಡದೆ ನಿಲ್ಲುತ್ತಾಳೆ. ಎರಡು ಧರ್ಮ, ಒಂದು ಬೊಗಸೆ. ಇದಕ್ಕೆ ಬಹುಮಾನ ಬರದಿದ್ದರೆ ಕೇಳಿ.

"ಆಕೀ ಕೈಯಾಗ ಕೊಟ್ರ ನಿಮ್ಮ ಕಥಿ ಛಲೋ ಆಗ್ತದ. ನಂದೇನಾಗ್ತದ?" ಎಂದಳು ಸೋಮವ್ವ.

ನಾನು ರೋಷನಬಿಯ ಮುಖ ನೋಡಿದೆ. ಅವಳು ಬಕೆಟ್ಟು ಕೆಳಗಿಟ್ಟಳು.

"ನನ್ನ ಯಾಕ ಎಳೀತೀರಿ ಇದರಾಗ? ಆಕೀ ದೇವ್ರು ಆಕೀ ಕಡೇನ ಇರ್ಲಿ. ನಾ ಹಿಡದು, ಏನರ ಆಗಿ ಆಕೀ ಸತ್ರ, ಜನ್ಮಪೂರ್ತಿ ಆ ಭಾರ ಯಾರು ಹೊರಬೇಕು? ನೀವು ಹೊರ್ತೀರೇನು ಸಾಬ್?"

ಹೊರುವುದಿಲ್ಲ. ನಾನು ಬಹುಮಾನ ಹೊರುತ್ತಿದ್ದೆ.

ಇನ್ನೊಂದು ಅಂತ್ಯ ಬರೆದೆ. ಮಠದ ಸ್ವಾಮಿಗಳಿಗೆ ಹೇಳಿಕಳಿಸುವುದು, ಅವರು ಬಂದು ದೇಹ ಉಳಿಸಿಕೊಳ್ಳುವುದೂ ಪೂಜೆಯೇ ತಾಯಿ ಎಂದು ಅಪ್ಪಣೆ ಕೊಡುವುದು. ಡಾಕ್ಟರ್ ವಿನೋದಿನಿ ಇದಕ್ಕೆ ಅಡ್ಡಿ ತೆಗೆದರು. ಬೆಳಿಗ್ಗೆ ತಯಾರಾದ ಈ ಔಷಧದ ಕಸುವು ಗಂಟೆಗಂಟೆಗೂ ಇಳಿಯುತ್ತದೆ, ಸಂಜೆಯ ಹೊತ್ತಿಗೆ ಅರ್ಧವೂ ಉಳಿಯುವುದಿಲ್ಲ, ಸ್ವಾಮಿಗಳು ಟ್ಯಾಕ್ಸಿಯಲ್ಲಿ ಬಂದರೂ ಚಿತ್ರ ಮಸುಕಾಗುತ್ತದೆ. ಒಂದೋ ತೆಗೆಯಿರಿ, ಇಲ್ಲ ಮನೆಗೆ ಹೋಗಿ ಎಂದರು. ಹೊರಗೆ ಇನ್ನೂ ಜನ ಕಾದಿದ್ದರು.

ನನ್ನ ಜೇಬಿನಲ್ಲಿದ್ದ ಅಂತ್ಯಗಳು ಮುಗಿದವು. ಪಾತ್ರಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ನನಗೆ ಬರುತ್ತದೆ, ಬಿಡಿಸುವುದು ಯಾರೂ ಹೇಳಿಕೊಟ್ಟಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರೂ ನಿಂತಿದ್ದರು, ನಾನು ಪೆನ್ನು ಹಿಡಿದು ಮುಲುಂಡಿನಲ್ಲಿ ಕೂತಿದ್ದೆ.

೭

ಸೋಮವ್ವ ಕೇಳಿದ್ದು ಒಂದೇ ಪ್ರಶ್ನೆ. ಎದೆಯ ಮೇಲೆ ಇರಬಾರದು ಅಷ್ಟೇ ತಾನೆ?

ರೋಷನಬಿ ಅದನ್ನು ಹಿಂದಿಗೆ ಮಾಡಿದಳು, ಹೌದೆಂದರು ಡಾಕ್ಟರು.

ಸೂಜಿ ಯಾವ ಕೈಗೆ ಚುಚ್ಚುತ್ತೀರಿ ಎಂದಳು. ಬಲಗೈಗೆ ಎಂದರು.

"ಹಂಗಾದ್ರ ಎಡಗೈಯಾಗ ಹಿಡೀತೀನಿ. ಪೂಜಿ ಮಾಡೂಮುಂದ ಅಲ್ಲೇ ಇರ್ತಾನ ಅಂವ."

ಇದು ನನಗೆ ಹೊಳೆಯಬೇಕಾಗಿತ್ತು. ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವವರ ನಡುವೆಯೇ ಬೆಳೆದವನು ನಾನು. ಆದರೆ ನನ್ನ ತಲೆ ಬಹುಮಾನದ ಕಡೆ ಇತ್ತು. ಎಡಗೈಯನ್ನು ಮಂಚದಿಂದ ಆಚೆ ಚಾಚಿದರೆ ಕ್ಯಾಮರಾಕ್ಕೆ ಅಡ್ಡವಿಲ್ಲ ಎಂದು ಡಾಕ್ಟರು ಒಪ್ಪಿದರು. ಔಷಧ ತುಂಬಿದ ಸಿರಿಂಜು ಸೀಸದ ಪೆಟ್ಟಿಗೆಯಿಂದ ಹೊರಗೆ ಬಂತು.

ಆಗ ಸೋಮವ್ವ ಮೈತೊಳೆದು ಬರುತ್ತೇನೆ ಎಂದಳು.

ಮುಂಜಾನೆ ಸ್ನಾನ ಮಾಡಿಯೇ ಹೊರಟದ್ದಂತೆ. ಆದರೆ ಆಮೇಲೆ ಲೋಕಲ್ಲಿನಲ್ಲಿ ಬಂದಿದ್ದಾಳೆ. ಯಾರ ಬೆವರು ಯಾರ ಮೈಗೋ. ಆ ಮೈಯಲ್ಲಿ ಲಿಂಗವನ್ನು ಅಂಗೈಗೆ ತರುವಂತಿಲ್ಲ. ಸಿರಿಂಜು ವಾಪಸು ಪೆಟ್ಟಿಗೆಗೆ ಹೋಯಿತು. ಡಾಕ್ಟರ್ ವಿನೋದಿನಿ ಗಡಿಯಾರ ನೋಡಿದರು, ಛಾವಣಿ ನೋಡಿದರು, ಕೊನೆಗೆ ಸ್ಟೂಲಿನ ಮೇಲೆ ಕೂತು ತಮ್ಮ ಗುಜರಾತಿಯಲ್ಲಿ ತಮ್ಮಷ್ಟಕ್ಕೆ ಏನೋ ಅಂದು ನಕ್ಕುಬಿಟ್ಟರು. ರೋಷನಬಿ ಬಕೆಟ್ಟು ತುಂಬಿಕೊಟ್ಟಳು. ಒಳಗೆ ನೀರು ಬೀಳುವ ಸದ್ದು, ನಡುನಡುವೆ ಸೋಮವ್ವ ಉಸಿರಿಗಾಗಿ ನಿಲ್ಲುವ ಸದ್ದು. ಒಂದು ತಂಬಿಗೆ ಸುರಿದುಕೊಂಡು ಇಷ್ಟು ಹೊತ್ತು ನಿಲ್ಲಬೇಕಾದರೆ ಬಲಗೋಣೆಯ ಸ್ಥಿತಿ ಏನೆಂದು ಡಾಕ್ಟರಿಗೆ ಅಂದಾಜಾಗುತ್ತಿತ್ತೇನೋ. ಅವರ ನಗೆ ನಿಂತಿತು.

ಸೋಮವ್ವ ಬಂದಳು. ಹಣೆಗೆ ವಿಭೂತಿ. (ವಿಭೂತಿ ಲೋಹವಲ್ಲ, ಅಡ್ಡಿಯಿಲ್ಲ.) ಮಲಗಿದಳು. ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೈ ಚಾಚಿದಳು. ಬಲಗೈಗೆ ಸೂಜಿ ಹೋಯಿತು.

ಪರದೆಯ ಮೇಲೆ ಮೊದಲು ತೋಳಿನ ಗೆರೆ ಕಂಡಿತು. ಆಮೇಲೆ ಭುಜ. ಆಮೇಲೆ ಚುಕ್ಕಿಗಳು ಒತ್ತೊತ್ತಾಗಿ ಬಲಗೋಣೆಗೆ ಇಳಿದವು. ಮೂಲೆಮೂಲೆಯೂ ತುಂಬಿತು. ಎಲ್ಲಿಯೂ ಕಪ್ಪಿಲ್ಲ.

೮

ಇಲ್ಲಿ ನಿಲ್ಲಿಸುತ್ತೇನೆ.

ಯಾಕೆಂದರೆ ಕೋಣೆ ತುಂಬಿದ್ದರಿಂದ ಏನೂ ತೀರ್ಮಾನವಾಗುವುದಿಲ್ಲ. ಡಾಕ್ಟರು ನೋಡುವುದು ತುಂಬಿದ್ದರಲ್ಲಿ ಎಷ್ಟನ್ನು ಅದು ಹೊರಗೆ ಕಳಿಸಬಲ್ಲದು ಎಂಬುದನ್ನು. ಸುಮಾರು ಅರ್ಧದಷ್ಟು ಕಳಿಸಿದರೆ ಗಟ್ಟಿ. ಕಾಲುಭಾಗವೂ ಹೋಗದಿದ್ದರೆ ಸರ್ಜನ್ನು ಕತ್ತರಿ ಎತ್ತುವುದಿಲ್ಲ. ಈಗ ಅದು ಕುಗ್ಗಬೇಕು. ನಾನು ಬರೆದರೆ ಕುಗ್ಗುತ್ತದೆ.

ಬರೆಯಲು ಕೈ ಬರುತ್ತಿಲ್ಲ. ಚೆನ್ನಾಗಿ ಕುಗ್ಗಿದರೆ ಆಪರೇಷನ್ ಆಗುತ್ತದೆ, ಸೋಮವ್ವ ಭಾಂಡುಪಿಗೆ ಹೋಗಿ ಮೊದಲಿನಂತೆ ಭಾಕರಿ ಬಡಿಯುತ್ತಾಳೆ, ನನ್ನ ಜೊತೆ ಮಾತಾಡಲು ಅವಳಿಗೆ ಬಿಡುವಿರುವುದಿಲ್ಲ. ಕುಗ್ಗದಿದ್ದರೆ, ಅದನ್ನು ನಾನು ಬರೆಯಲಾರೆ. ಎರಡರಲ್ಲಿ ಯಾವುದಾದರೂ ಮುಲುಂಡಿನ ಈ ಕೋಣೆಯಲ್ಲಿ ನಾನೊಬ್ಬನೇ. ಬಲಗೋಣೆ ಹೀಗೆ ತುಂಬಿಕೊಂಡೇ ಇದ್ದರೆ ಯಾರಿಗೇನು ನಷ್ಟ? ಒಂದು ಭಾನುವಾರ ಹೀಗೇ ಇಟ್ಟೆ. ಆಫೀಸಿಗೆ ಹೋಗಿ ಬಂದು ಮತ್ತೆ ಹಾಗೇ ಇಟ್ಟೆ. ಕೆಮ್ಮಿನ ಔಷಧದ ಕರಪತ್ರ ಕನ್ನಡ ಮಾಡುತ್ತಾ, ಒಬ್ಬರು ನನಗಾಗಿ ಕಾಯುತ್ತಿದ್ದಾರೆ ಎಂದು ಖುಷಿಯಾಗಿದ್ದೆ. ಬಹಳ ದಿನಗಳ ಮೇಲೆ ಖುಷಿಯಾಗಿದ್ದೆ.

"ಕೈ ಜೋಲ್ತದರಿ ಸಾಹೇಬ್ರ," ಎಂದಳು ಸೋಮವ್ವ.

ಸ್ವಲ್ಪ ತಡಿ ಎಂದೆ. ಏನಾದರೂ ಮಾತಾಡೋಣ ಎಂದೆ. ಜಮಖಂಡಿಯ ಬಗ್ಗೆ ಕೇಳಿದೆ.

"ನಾ ಮನಿಗೆ ಹೋಗಬೇಕ್ರಿ."

ಆಗ ನನ್ನ ಬಾಯಿಂದ ಆಡಬಾರದ ಮಾತು ಬಂತು. ಮನೆಯಲ್ಲಿ ಯಾರು ಕಾದಿದ್ದಾರೆ ನಿನಗೆ ಎಂದುಬಿಟ್ಟೆ.

ಅವಳು ಸಿಟ್ಟು ಮಾಡಲಿಲ್ಲ. ಕಬ್ಬಿಣದ ತಲೆಯ ಕೆಳಗಿನಿಂದ ನನ್ನ ಕಡೆ ನೋಡಲು ಕತ್ತು ಸ್ವಲ್ಪ ಹೊರಳಿಸಿದಳು. ಅಲ್ಲಾಡಬೇಡ ಎಂದು ಡಾಕ್ಟರು ಗದರಿದರು.

"ಯಾರೂ ಇಲ್ರಿ," ಎಂದಳು. "ಯಾರೂ ಇಲ್ಲಂದ್ರ ಅದು ಮನಿ ಅಲ್ಲೇನು?"

೯

ಬಲಗೋಣೆ ಕುಗ್ಗಿತು. ರಕ್ತ ಶ್ವಾಸಕೋಶದ ಕಡೆ ಹೋಯಿತು.

ಎಷ್ಟು ಹೋಯಿತೆಂದು ಡಾಕ್ಟರ್ ವಿನೋದಿನಿ ಲೆಕ್ಕ ಹಾಕಿದರು. ನಾನು ಹಾಕಲಿಲ್ಲ. ಸೋಮವ್ವ ಎದ್ದಳು, ಶಿವದಾರ ಕೊರಳಿಗೆ ಹಾಕಿಕೊಂಡಳು, ರೋಷನಬಿಯ ಹತ್ತಿರ ಗಂಟು ಇಸಿದುಕೊಂಡಳು. ಡಾಕ್ಟರು ತಮ್ಮ ಕೋಣೆಗೆ ಕರೆದರು. ಹೋಗುವಾಗ ನಡಿಗೆಯಲ್ಲಿ ದಣಿವಿತ್ತು, ಅದು ಸ್ನಾನದ ದಣಿವೂ ಇರಬಹುದು. ರೋಷನಬಿಯ ಜೊತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಮಗೆ ಉತ್ತರ ಬೇಕು, ಗೊತ್ತು. ಆಪರೇಷನ್ ಉಂಟೋ ಇಲ್ಲವೋ, ಅವಳು ಬದುಕುತ್ತಾಳೋ ಇಲ್ಲವೋ. ನನಗೂ ಬೇಕು. ಪೆನ್ನು ಕೈಯಲ್ಲೇ ಇದೆ, ಬಾಗಿಲು ತಳ್ಳುವುದು ಒಂದು ವಾಕ್ಯದ ಕೆಲಸ. ಆದರೆ ಅದು ಅವಳ ಎದೆಯ ಸುದ್ದಿ. ರೋಗ ಕೊಟ್ಟದ್ದು ನಾನು, ತಮ್ಮನನ್ನು ಕಿತ್ತುಕೊಂಡದ್ದು ನಾನು. ಈ ಸುದ್ದಿಯನ್ನಾದರೂ ನಮಗಿಂತ ಮೊದಲು ಅವಳು ಕೇಳಲಿ.

ಒಳಗೆ ಮಾತು ನಡೆದಿದೆ. ಡಾಕ್ಟರು ನಿಧಾನವಾಗಿ ಹೇಳುತ್ತಿದ್ದಾರೆ, ರೋಷನಬಿ ಕನ್ನಡದಲ್ಲಿ ಹೇಳುತ್ತಿದ್ದಾಳೆ. ಸೋಮವ್ವನ ದನಿ ಇನ್ನೂ ಬಂದಿಲ್ಲ. ನಾನು ಬಾಗಿಲಿಂದ ದೂರ, ವರಾಂಡದ ಬೆಂಚಿನ ಮೇಲೆ ಕೂತಿದ್ದೇನೆ. ನನಗಿಲ್ಲಿ ಮಾಡಲು ಏನೂ ಕೆಲಸವಿಲ್ಲ. ನೀವೂ ಬಾಗಿಲಿಗೆ ಕಿವಿ ಕೊಡಬೇಡಿ. ಈ ಕಡೆ ಬನ್ನಿ, ಸರಿದು ಕೂರುತ್ತೇನೆ. ಅವಳು ಹೊರಗೆ ಬಂದಾಗ ಇಬ್ಬರು ಕೂತಿರಲಿ.